ನಮ್ಮೂರ ಚಾರ್ಜರ್ ನಿಮ್ಮ ಡಿಪೋ ಅಲ್ಲ

ಎಲೆಕ್ಟ್ರಿಕ್ ಕಾರುಗಳನ್ನು ಬಾಡಿಗೆಗೆ ಓಡಿಸುವ, ಸೆಲ್ಫ್ ಡ್ರೈವ್‌ಗೆ ಕೊಡುವ ಕಂಪನಿಗಳ ಮಾಲೀಕರಿಗೆ ಮತ್ತು ಫ್ಲೀಟ್ ಮ್ಯಾನೇಜರ್‌ಗಳಿಗೆ,



ಬೆಂಗಳೂರು ಬಿಟ್ಟ ನಿಮ್ಮ ಕಾರು ಶಿವಮೊಗ್ಗ ಮುಟ್ಟುವ ಹೊತ್ತಿಗೆ 300 ಕಿ.ಮೀ. ಆಸುಪಾಸು ಓಡಿರುತ್ತದೆ. ಅಲ್ಲಿಂದ ಶಿಕಾರಿಪುರಕ್ಕೆ 50 ಚಿಲ್ಲರೆ ಕಿ.ಮೀ., ಶಿರಾಳಕೊಪ್ಪ ದಾಟಿ ಸೊರಬಕ್ಕೆ ಮತ್ತೆ 40ರ ಹತ್ತಿರ. ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಅಕ್ಕಮಹಾದೇವಿಯ ಉಡುತಡಿ, ಚಂದ್ರಗುತ್ತಿಯ ರೇಣುಕಾಂಬೆ, ಗುಡವಿಯ ಹಕ್ಕಿಗಳು, ತಾಲ್ಲೂಕಿನ ಗಡಿ ದಾಟಿದರೆ ಬನವಾಸಿ. ಇಷ್ಟನ್ನೂ ಎರಡು ದಿನದಲ್ಲಿ ನೋಡಿ ಜೋಗಕ್ಕೂ ಹೋಗಿಬರೋಣ ಎಂದು ಹೊರಟವರ ಕಾರಿನ ಬ್ಯಾಟರಿ ನಮ್ಮೂರಿಗೆ ಬರುವಾಗ ಕೊನೆಯ ಕಡ್ಡಿಯಲ್ಲಿರುತ್ತದೆ.

ಬನ್ನಿ, ಚಾರ್ಜ್ ಮಾಡಿಕೊಳ್ಳಿ. ಅದಕ್ಕೆ ಯಾರ ತಕರಾರೂ ಇಲ್ಲ. ನಾನೂ ಎಲೆಕ್ಟ್ರಿಕ್ ಕಾರು ಓಡಿಸುವವನು. ಬ್ಯಾಟರಿ ಶೇ 8ಕ್ಕೆ ಇಳಿದಾಗ ಎದೆಯೊಳಗೆ ಏನಾಗುತ್ತದೆಂದು ಬಲ್ಲೆ. ಆದರೆ ನಿಮ್ಮ ಕಾರುಗಳು ಒಂದೊಂದಾಗಿ ಬರುತ್ತಿಲ್ಲ, ಗುಂಪಾಗಿ ಬರುತ್ತಿವೆ. ಕಾರಿಗೆ ಸಿಕ್ಕಿಸುವ ಎರಡು ಗನ್ ಇರುವ ಚಾರ್ಜರ್ ಮುಂದೆ ಒಂದೇ ಕಂಪನಿಯ ನಾಲ್ಕು ಕಾರು ನಿಂತವೆಂದರೆ ಆ ದಿನ ಅದು ಆ ಕಂಪನಿಯ ಚಾರ್ಜರ್. ಚಾರ್ಜ್ ತುಂಬಿದ ಮೇಲೂ ಗನ್ ಕಳಚದೆ, ಕಾರಿಗೆ ಬೀಗ ಹಾಕಿ, ಊಟಕ್ಕೋ ದೇವಸ್ಥಾನಕ್ಕೋ ಹೋದವರು ಬರುವ ತನಕ ಉಳಿದವರು ರಸ್ತೆ ಪಕ್ಕ ಕಾಯಬೇಕು. ಕೆಲವು ಕಡೆ ಚಾರ್ಜಿಂಗ್ ಜಾಗವೇ ಬಾಡಿಗೆ ಕಾರುಗಳ ರಾತ್ರಿ ಪಾರ್ಕಿಂಗ್ ಆಗಿಬಿಟ್ಟಿದೆ. ಮರುದಿನದ ಗಿರಾಕಿ ನೇರವಾಗಿ ಅಲ್ಲಿಗೇ ಬಂದು ಕಾರು ತೆಗೆದುಕೊಂಡು ಹೋಗುತ್ತಾನೆ. ಊರ ನಲ್ಲಿಗೆ ಟ್ಯಾಂಕರ್‌ನವರು ಪೈಪು ಸಿಕ್ಕಿಸಿ ಹೋದರೆ ಕೊಡ ಹಿಡಿದು ಬಂದವರ ಪಾಡು ಏನೋ, ಇದೂ ಅದೇ.

ಬೆಂಗಳೂರಿನಲ್ಲಿ ಹೀಗಾದರೆ ಕಿರಿಕಿರಿ ಅಷ್ಟೇ. ಇಲ್ಲಿ ಪ್ರಯಾಣವೇ ನಿಲ್ಲುತ್ತದೆ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಲೆಕ್ಕದಲ್ಲೂ ಕರ್ನಾಟಕ ಮುಂದಿದೆ. 2024ರ ಕೊನೆಯ ಹೊತ್ತಿಗೆ 5,700ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಆದರೆ ಅವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇದ್ದದ್ದು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ. ಉಳಿದದ್ದನ್ನು ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲರೂ ಹಂಚಿಕೊಳ್ಳಬೇಕು. ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ಇಂಧನ ಸಚಿವಾಲಯ 2022ರ ಮಾರ್ಗಸೂಚಿಯಲ್ಲಿ ಹೇಳಿತು, 2024ರಲ್ಲಿ ಅದನ್ನು 20 ಕಿ.ಮೀ.ಗೆ ಇಳಿಸಿತು. ಆ ಕಾಗದ ಮಲೆನಾಡಿನ ತಾಲ್ಲೂಕು ರಸ್ತೆಗಳಿಗೆ ಇಳಿದು ಬರಲು ಇನ್ನೂ ಹೊತ್ತಿದೆ. ಹತ್ತಿರದ ಚಾರ್ಜರ್ ಯಾವುದೆಂದು ಆ್ಯಪ್‌ನಲ್ಲಿ ಒತ್ತಿದರೆ ಬೆಂಗಳೂರಿನಲ್ಲಿ ಮುಂದಿನ ಬೀದಿ ತೋರಿಸುತ್ತದೆ. ನಮ್ಮಲ್ಲಿ ಮುಂದಿನ ಊರು ತೋರಿಸುತ್ತದೆ.

ಒಂದು ಕಾರು ಎಷ್ಟು ಹೊತ್ತು ಗನ್ ಹಿಡಿದಿರುತ್ತದೆ ಎಂಬ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಟ್ಯಾಕ್ಸಿಗೆಂದೇ ಟಾಟಾದವರು 2021ರಲ್ಲಿ ತಂದ ಎಕ್ಸ್‌ಪ್ರೆಸ್-ಟಿ ಕಾರಿನ ದೊಡ್ಡ ಬ್ಯಾಟರಿ 21.5 ಯೂನಿಟ್‌ನದು. 15 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಅದು ಸೊನ್ನೆಯಿಂದ ಶೇ 80 ತುಂಬಲು ಸುಮಾರು 110 ನಿಮಿಷ ಬೇಕೆಂದು ಕಂಪನಿಯೇ ಹೇಳಿತ್ತು. ಅಂಥ ಮೂರು ಕಾರು ಸಾಲಾಗಿ ನಿಂತರೆ ಬೆಳಗ್ಗೆ ಒಂಬತ್ತಕ್ಕೆ ಬಂದವನ ಸರದಿ ಬರುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿರುತ್ತದೆ. ಚಾರ್ಜರ್ ಇನ್ನೂ ಜೋರಿನದಾದರೂ ಶೇ 80 ದಾಟಿದ ಮೇಲೆ ಬ್ಯಾಟರಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೊನೆಯ 20 ತುಂಬಲು ಅದಕ್ಕೂ ಹಿಂದಿನ 50 ತುಂಬಿದಷ್ಟೇ ಹೊತ್ತು ಹಿಡಿಯುವುದುಂಟು. ನಿಮ್ಮ ಗಿರಾಕಿ ನೂರಕ್ಕೆ ನೂರು ತುಂಬಿಸಿಕೊಂಡೇ ಹೊರಡುತ್ತೇನೆಂದು ಕೂತರೆ ಹಿಂದೆ ನಿಂತವನ ಅರ್ಧ ದಿನ ಹೋಯಿತು. ಎರಡು ಗನ್ನಿನ ಎಷ್ಟೋ ಚಾರ್ಜರ್‌ಗಳಲ್ಲಿ ಎರಡನೇ ಕಾರು ಸಿಕ್ಕಿಸಿದ ಕೂಡಲೇ ಶಕ್ತಿ ಇಬ್ಬರಿಗೂ ಹಂಚಿಹೋಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಈ ಕಾಯುವಿಕೆಯ ಬೆಲೆ ಯಾರು ತೆರುತ್ತಾರೆ ಎಂಬುದೇ ನಾನು ಈ ಪತ್ರ ಬರೆಯಲು ಕಾರಣ. ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಒಂದೇ ಕಾರು ಇಟ್ಟುಕೊಂಡು ಬಾಡಿಗೆ ಓಡಿಸುವವರನ್ನು ನೆನಪಿಸಿಕೊಳ್ಳಿ. ಡೀಸೆಲ್ ದರ ತಾಳಲಾರದೆ, ಬ್ಯಾಂಕ್ ಸಾಲ ಮಾಡಿ ಎಲೆಕ್ಟ್ರಿಕ್ ಕಾರು ಕೊಂಡವರು ಅವರು. ಅವರ ನಂಬರ್ ಪ್ಲೇಟೂ ನಿಮ್ಮ ಟ್ಯಾಕ್ಸಿಗಳ ಹಾಗೆ ಹಸಿರು, ಅಕ್ಷರ ಹಳದಿ. ಆದರೆ ಅವರಿಗೆ ಇನ್ನೊಂದು ಕಾರಿಲ್ಲ. ನಿಮ್ಮಲ್ಲಿ ಒಂದು ಕಾರು ಚಾರ್ಜ್‌ಗೆ ನಿಂತರೆ ಹತ್ತು ಕಾರು ದುಡಿಯುತ್ತಿರುತ್ತವೆ. ಅವರ ಕಾರು ನಿಂತರೆ ಮನೆಯ ದುಡಿಮೆಯೇ ನಿಂತಿತು. ಶಿವಮೊಗ್ಗದ ಸೊಗಾನೆ ವಿಮಾನ ನಿಲ್ದಾಣಕ್ಕೆ ಗಿರಾಕಿ ಬಿಡುತ್ತೇನೆಂದು ಮಾತು ಕೊಟ್ಟಿರುತ್ತಾರೆ. ಚಾರ್ಜರ್ ಬಳಿ ಬಂದರೆ ಎರಡೂ ಗನ್‌ಗಳಲ್ಲಿ ನಿಮ್ಮ ಕಾರುಗಳು, ಒಳಗೆ ಜನ ಇಲ್ಲ, ಗಾಜಿನ ಮೇಲೆ ಫೋನ್ ನಂಬರ್ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಬುಕಿಂಗ್ ನಂಬರ್ ಹೇಳಿ ಅನ್ನುತ್ತಾರೆ. ಬುಕಿಂಗ್ ಅವರದಲ್ಲವಲ್ಲ! ಗಿರಾಕಿಗೆ ಬೇರೆ ಡೀಸೆಲ್ ಗಾಡಿ ಮಾಡಿಕೊಟ್ಟು, ಕಮಿಷನ್ ಕೈಬಿಟ್ಟು, ಅಂದಿನ ದುಡಿಮೆಯನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಮನೆಯ ಮಾತೊಂದಿದೆ. ಮನೆಯ ಹಿರಿಯರೊಬ್ಬರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತೋರಿಸಿಕೊಂಡು ವಾಪಸ್ ಬರುವಾಗ ದಾರಿಯ ಚಾರ್ಜರ್‌ನಲ್ಲಿ ಹೀಗೇ ಕಾದೆವು. ಮುಂದಿದ್ದದ್ದು ಒಂದೇ ಕಂಪನಿಯ ಕಾರುಗಳು. ಪ್ರವಾಸಕ್ಕೆ ಬಂದ ಹುಡುಗರು ಒಳ್ಳೆಯವರೇ. ವಿಷಯ ತಿಳಿದ ತಕ್ಷಣ ಒಬ್ಬ ಬಂದು ಗನ್ ಕಳಚಿ ಕೊಟ್ಟ. "ಅಂಕಲ್, ತೆಗೀಬೇಕು ಅಂತ ನಮಗೆ ಯಾರೂ ಹೇಳೇ ಇಲ್ಲ" ಅಂದ. ಅವನ ಮಾತನ್ನು ನಾನು ನಂಬುತ್ತೇನೆ. ಕಾರು ಕೊಡುವಾಗ ಬಂಪರ್‌ನ ಗೀರುಗಳ ಫೋಟೊ ನಾಲ್ಕೂ ಕಡೆಯಿಂದ ತೆಗೆಸುತ್ತೀರಿ. ಚಾರ್ಜರ್ ಬಳಿ ಹೇಗೆ ನಡೆದುಕೊಳ್ಳಬೇಕೆಂದು ಎರಡು ಮಾತು ಹೇಳುವುದಿಲ್ಲ.

ಇನ್ನು ಮಳೆಗಾಲ. ನಿಮ್ಮ ವ್ಯಾಪಾರದ ಸುಗ್ಗಿ, ಜೋಗ ತುಂಬಿ ಬೀಳುವ ಜುಲೈ, ಆಗಸ್ಟ್‌ಗಳೇ ಮೆಸ್ಕಾಂ ಲೈನ್‌ಮನ್‌ಗಳು ನಿದ್ದೆಗೆಡುವ ತಿಂಗಳುಗಳು. ಮರ ಬೀಳುತ್ತದೆ, ಕಂಬ ಮುರಿಯುತ್ತದೆ, ಹೋದ ಕರೆಂಟ್ ಬರಲು ಕೆಲವೊಮ್ಮೆ ಸಂಜೆಯಾಗುತ್ತದೆ. ಬಂದ ಮೇಲೆ ಚಾರ್ಜರ್ ಮುಂದೆ ಇಡೀ ದಿನದ ಬಾಕಿ ಸರದಿ ನಿಂತಿರುತ್ತದೆ. ಇನ್ನೊಂದು ಚಾರ್ಜರ್ ಹಾಕೋಣವೆಂದರೆ, ಹಳ್ಳಿ ಕಡೆ ಹಾಕಿರುವ ಟಿ.ಸಿ.ಗಳು (ಟ್ರಾನ್ಸ್‌ಫಾರ್ಮರ್‌ಗಳು) ಹೆಚ್ಚಾಗಿ 25, 63, 100 ಕೆ.ವಿ.ಎ.ಯವು. ತಲಾ 30 ಕಿಲೋವ್ಯಾಟ್‌ನ ಎರಡು ಗನ್ ಒಟ್ಟಿಗೆ ಎಳೆದರೆ 63ರ ಒಂದು ಟಿ.ಸಿ. ಹೊರುವಷ್ಟು ಹೊರೆಯಾಯಿತು. ಅದಕ್ಕಾಗಿಯೇ ಈ ಕಡೆ ಚಾರ್ಜರ್ ಹಾಕಲು ಬಂದವರಿಗೆ ಪ್ರತ್ಯೇಕ ಟಿ.ಸಿ. ಬೇಕಾಗುತ್ತದೆ, ಅದಕ್ಕೆ ಖರ್ಚು ತಗಲುತ್ತದೆ, ಅದಕ್ಕಾಗಿಯೇ ಒಂದರ ಪಕ್ಕ ಇನ್ನೊಂದು ಚಾರ್ಜರ್ ಬೇಗ ಏಳುವುದಿಲ್ಲ. ಇನ್ನು ಎಲೆಕ್ಟ್ರಿಕ್ ಆಟೊದವರು ಈ ದೊಡ್ಡ ಗನ್ ಬಳಸುವುದಿಲ್ಲ, ಅವರಿಗೆ 15 ಆಂಪ್ ಪ್ಲಗ್ ಸಾಕು. ಆದರೂ ಆ ಪ್ಲಗ್ ಇರುವುದು ಅದೇ ಆವರಣದಲ್ಲಿ. ಅದರ ಮುಂದೆ ನಿಮ್ಮ ಕಾರು ನಿಂತರೆ ಅವರಿಗೂ ದಾರಿಯಿಲ್ಲ.   

ನಿಮ್ಮ ಪರವಾದ ಮಾತನ್ನೂ ಹೇಳಲೇಬೇಕು. ಚಾರ್ಜರ್ ಹಾಕಿದವರಿಗೆ ದಿನವಿಡೀ ಖಾಲಿ ಬಿದ್ದ ಗನ್ ನಷ್ಟ. ನಮ್ಮಂಥ ಊರಿನ ನಾಲ್ಕಾರು ಖಾಸಗಿ ಕಾರುಗಳನ್ನು ನಂಬಿ ಯಾರೂ ಲಕ್ಷಗಟ್ಟಲೆ ಹಣ ಹೂಡುವುದಿಲ್ಲ. ನಾವು ಹೆಚ್ಚಿನ ದಿನ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುತ್ತೇವೆ, ಅಪರೂಪಕ್ಕೆ ಮಾತ್ರ ಅಲ್ಲಿಗೆ ಹೋಗುತ್ತೇವೆ. ದಿನವೂ ಬಂದು ದುಡ್ಡು ಕೊಡುವವರು ನೀವೇ. ನಿಮ್ಮಿಂದಾಗಿ ಈ ರಸ್ತೆಯಲ್ಲಿ ಮೂರನೇ, ನಾಲ್ಕನೇ ಚಾರ್ಜರ್ ಬರಬಹುದು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಹೋಗುವವರಿಗೆ ಲಾಂಚ್ ಕಾಯುವ ಕೆಲಸ ತಪ್ಪಿದೆ. ಈ ಸುತ್ತಿನ ಓಡಾಟ ಇನ್ನೂ ಹೆಚ್ಚುತ್ತದೆ. ಹೊಗೆಯಿಲ್ಲದ ಕಾರುಗಳಲ್ಲಿ ಅವರು ಬಂದರೆ ಗುಡವಿಯ ಹಕ್ಕಿಗಳಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಆದ್ದರಿಂದ ನೀವು ಬರಬೇಡಿ ಎಂದು ನಾನು ಎಂದೂ ಹೇಳಲಾರೆ. ಬರುವಾಗ ನಿಮ್ಮ ಕಾರಿಗೆ ಬೇಕಾದ ಕರೆಂಟಿನ ಏರ್ಪಾಡನ್ನೂ ಮಾಡಿಕೊಂಡು ಬನ್ನಿ ಎನ್ನುತ್ತೇನೆ.

ಹಾಗೆ ಮಾಡದೆ ಹೊರಟವರ ಕಥೆ ನಿಮಗೆ ಗೊತ್ತೇ ಇದೆ. 2017ರ ಮೇ ತಿಂಗಳಲ್ಲಿ ನಾಗಪುರದಲ್ಲಿ ಓಲಾ ಕಂಪನಿ ಮಹೀಂದ್ರಾ ಕಾರುಗಳೊಂದಿಗೆ ಎಲೆಕ್ಟ್ರಿಕ್ ಟ್ಯಾಕ್ಸಿ ಶುರು ಮಾಡಿತು. ಒಂದು ವರ್ಷ ತುಂಬುವ ಮೊದಲೇ ಚಾಲಕರು ಚಾರ್ಜರ್‌ಗಳ ಮುಂದೆ ಗಂಟೆಗಟ್ಟಲೆ ಕಾದು ಬೇಸತ್ತು ಡೀಸೆಲ್ ಕಾರೇ ವಾಸಿ ಎನ್ನುವ ಸ್ಥಿತಿಗೆ ಬಂದರು. ಕಾಯುವ ಕ್ಯಾಬ್‌ಗಳಿಂದ ರಸ್ತೆ ಕಟ್ಟಿಹೋಗಿ, ಸುತ್ತಲಿನ ನಿವಾಸಿಗಳು ಪ್ರತಿಭಟಿಸಿ, ಒಂದು ಚಾರ್ಜಿಂಗ್ ಕೇಂದ್ರವನ್ನೇ ಮುಚ್ಚಬೇಕಾಯಿತು. ನಾಗಪುರದಂಥ ಮಹಾನಗರದಲ್ಲಿ ಹೀಗಾದರೆ ಸೊರಬದ ಬಸ್ ನಿಲ್ದಾಣದ ಎದುರು ಏನಾದೀತು? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕಾರ್2ಗೋ ಎಂಬ ಕಂಪನಿ 2011ರಲ್ಲಿ ಹಂಚಿಕೆ ಕಾರುಗಳ ಸೇವೆಯನ್ನು ಪೂರಾ ಎಲೆಕ್ಟ್ರಿಕ್ ಆಗಿಯೇ ಆರಂಭಿಸಿತ್ತು. ಊರಿನಲ್ಲಿ ಬರುತ್ತವೆಂದು ನಂಬಿದ್ದ ಸಾರ್ವಜನಿಕ ಚಾರ್ಜರ್‌ಗಳು ಅಷ್ಟು ಸಂಖ್ಯೆಯಲ್ಲಿ ಬರಲಿಲ್ಲ. 2016ರಲ್ಲಿ ಪೆಟ್ರೋಲ್ ಕಾರಿಗೆ ಮರಳಿ, ಅದೇ ವರ್ಷದ ಕೊನೆಗೆ ಊರನ್ನೇ ಬಿಟ್ಟಿತು. ಟೆಸ್ಲಾದವರಂತೂ 2017ರ ಡಿಸೆಂಬರ್‌ನಲ್ಲೇ ನಿಯಮ ಮಾಡಿದರು: ಆಮೇಲೆ ಕೊಂಡ ಕಾರನ್ನು ಟ್ಯಾಕ್ಸಿಯಾಗಿಯೋ ಬಾಡಿಗೆ ಸವಾರಿಗೋ ಓಡಿಸುವವರು ತಮ್ಮ ಸೂಪರ್‌ಚಾರ್ಜರ್‌ಗಳನ್ನು ಬಳಸುವಂತಿಲ್ಲ. ಚಾರ್ಜ್ ಮುಗಿದ ಮೇಲೂ ಜಾಗ ಬಿಡದವರಿಗೆ ನಿಮಿಷದ ಲೆಕ್ಕದಲ್ಲಿ ದಂಡ ಹಾಕುವ ಪದ್ಧತಿಯನ್ನು ಅದಕ್ಕೂ ಒಂದು ವರ್ಷ ಮುಂಚೆ ತಂದಿದ್ದರು. ಟ್ಯಾಕ್ಸಿಗಳನ್ನು ಪೂರ್ತಿ ಹೊರಗಿಡುವುದು ನನಗೆ ಸರಿಕಾಣುವುದಿಲ್ಲ; ಹಾಗೆ ಮಾಡಿದರೆ ಮೊದಲು ಪೆಟ್ಟು ಬೀಳುವುದು ನಮ್ಮೂರ ಒಂಟಿ ಕಾರಿನವರಿಗೆ. ಸುಮ್ಮನೆ ನಿಂತ ಹೊತ್ತಿಗೆ ದಂಡ ಮಾತ್ರ ಇಲ್ಲಿಯೂ ಬೇಕು. ಅದನ್ನು ಹೇರಬೇಕಾದವರು ಚಾರ್ಜರ್ ನಡೆಸುವವರು. ಅವರು ಹೇರಿದಾಗ ನೀವು ವಿರೋಧಿಸಬೇಡಿ.

ಒಳ್ಳೆಯ ದಾರಿಯೂ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಲಿಥಿಯಂ ಅರ್ಬನ್ ಟೆಕ್ನಾಲಜೀಸ್ ಐ.ಟಿ. ಕಂಪನಿಗಳ ನೌಕರರನ್ನು ಕರೆದೊಯ್ಯಲು ಎಲೆಕ್ಟ್ರಿಕ್ ಕಾರುಗಳನ್ನಷ್ಟೇ ಬೀದಿಗಿಳಿಸಿದಾಗ ಸಾರ್ವಜನಿಕ ಚಾರ್ಜರ್ ಎಂಬುದೇ ಹೆಚ್ಚುಕಡಿಮೆ ಇರಲಿಲ್ಲ. ಅವರು ಕಂಪನಿಗಳ ಕ್ಯಾಂಪಸ್‌ಗಳಲ್ಲೇ ಚಾರ್ಜರ್ ಹಾಕಿಸಿದರು. ಆ ಕಾರುಗಳು ದುಡಿಯುವ ಜಾಗದಲ್ಲೇ ತುಂಬಿಸಿಕೊಂಡವು. ಎಲೆಕ್ಟ್ರಿಕ್ ಟ್ಯಾಕ್ಸಿ ಕಂಪನಿ ಬ್ಲೂಸ್ಮಾರ್ಟ್ ಕೂಡ ತನ್ನದೇ ದೊಡ್ಡ ಚಾರ್ಜಿಂಗ್ ಹಬ್‌ಗಳನ್ನು ಕಟ್ಟಿಕೊಂಡಿತ್ತು. ಅದರ ಸೋದರ ಸಂಸ್ಥೆ ಜೆನ್ಸೋಲ್‌ನ ಪ್ರವರ್ತಕರ ಮೇಲೆ ಸೆಬಿ ಆದೇಶ ಬಂದು 2025ರ ಏಪ್ರಿಲ್‌ನಲ್ಲಿ ಬ್ಲೂಸ್ಮಾರ್ಟ್ ಸೇವೆ ನಿಂತದ್ದು, ಸಾವಿರಾರು ಚಾಲಕರು ರಾತ್ರೋರಾತ್ರಿ ಕೆಲಸ ಕಳೆದುಕೊಂಡದ್ದು ಬೇರೆ ದುಃಖ. ಹಬ್ ಕಟ್ಟುವ ಯೋಚನೆ ತಪ್ಪಾಗಿರಲಿಲ್ಲ; ಕೆಟ್ಟದ್ದು ಹಣದ ವ್ಯವಹಾರ.

ಶಿಕಾರಿಪುರ, ಸೊರಬಕ್ಕೆ ಹಬ್ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಅಷ್ಟು ಕಾರು ಇಲ್ಲಿಗೆ ಬರುವುದೂ ಇಲ್ಲ. ಇಲ್ಲಿ ಬೇಕಾದದ್ದು ಅದಕ್ಕಿಂತ ತುಂಬ ಸಣ್ಣದು, ತುಂಬ ಅಗ್ಗದ್ದು. ನಿಮ್ಮ ಗಿರಾಕಿ ರಾತ್ರಿ ಎಲ್ಲೋ ಮಲಗುತ್ತಾನಲ್ಲ? ಲಾಡ್ಜ್‌ನಲ್ಲಿ, ಹೋಮ್‌ಸ್ಟೇಯಲ್ಲಿ, ಯಾತ್ರಿನಿವಾಸದಲ್ಲಿ. 16 ಆಂಪ್‌ನ ಒಂದು ಸಾಕೆಟ್ ಗಂಟೆಗೆ 3 ಯೂನಿಟ್‌ಗಿಂತ ಹೆಚ್ಚು ಕೊಡುತ್ತದೆ. ರಾತ್ರಿ ಒಂಬತ್ತಕ್ಕೆ ಸಿಕ್ಕಿಸಿ ಬೆಳಗ್ಗೆ ಏಳಕ್ಕೆ ತೆಗೆದರೆ ಹತ್ತು ಗಂಟೆಯಲ್ಲಿ 30 ಯೂನಿಟ್. ನಿಮ್ಮ ಹೆಚ್ಚಿನ ಕಾರುಗಳ ಬ್ಯಾಟರಿಯೇ ಅಷ್ಟು! 32 ಆಂಪ್ ಲೈನ್ ಎಳೆಸಿ 7.4 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಕೂರಿಸಿದರೆ, ಅದನ್ನು ತೆಗೆದುಕೊಳ್ಳಬಲ್ಲ ಕಾರುಗಳಿಗೆ ಅರ್ಧ ರಾತ್ರಿ ಸಾಕು. 2001ರಲ್ಲಿ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಕಾರು ಬಂದಾಗ ಸಾರ್ವಜನಿಕ ಚಾರ್ಜರ್ ಎಲ್ಲಿತ್ತು? ಕೊಂಡವರು ಮನೆಯ 15 ಆಂಪ್ ಪ್ಲಗ್‌ನಲ್ಲೇ ಅದನ್ನು ವರ್ಷಗಟ್ಟಲೆ ಓಡಿಸಿದರು.

ಲಾಡ್ಜ್ ಮಾಲೀಕರು ಈಗ ಹಿಂಜರಿಯುವುದಕ್ಕೆ ಕಾರಣಗಳಿವೆ. ಬಿಲ್ ಎಷ್ಟು ಬರುತ್ತದೋ ಗೊತ್ತಿಲ್ಲ, ವೈರಿಂಗ್ ತಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗುವುದೇ ಇಲ್ಲ. ಆಗ ಗಿರಾಕಿ ಲಾಡ್ಜ್‌ನವರ ಮೇಲೆ ರೇಗುತ್ತಾನೆ. ಇಲ್ಲಿ ನಿಮ್ಮ ಹಣ, ನಿಮ್ಮ ಎಂಜಿನಿಯರ್‌ಗಳು ಕೆಲಸಕ್ಕೆ ಬರಬೇಕು. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಸಾಗರ: ಪ್ರತಿ ಊರಿನಲ್ಲೂ ಎರಡೆರಡು ಲಾಡ್ಜ್ ಹಿಡಿಯಿರಿ. ಒಂದು ಗುಂಡಿ ತೋಡಿಸಿ, ಇದ್ದಿಲು, ಉಪ್ಪು ಹಾಕಿಸಿ, ಸರಿಯಾಗಿ ಅರ್ಥಿಂಗ್ ಮಾಡಿಸಿ. ಬೇರೆ ಮೀಟರ್ ಹಾಕಿಸಿ, ಯೂನಿಟ್‌ಗೆ ಇಷ್ಟೆಂದು ಲಾಡ್ಜ್‌ನವರಿಗೆ ಕಟ್ಟಿಬಿಡಿ. ನಿಮ್ಮ ಆ್ಯಪ್‌ನಲ್ಲಿ ಆ ಲಾಡ್ಜ್‌ಗಳ ಹೆಸರನ್ನು ಗಿರಾಕಿಗೆ ತೋರಿಸಿ. ಲಾಡ್ಜ್‌ಗೆ ಗಿರಾಕಿ ಸಿಕ್ಕ ಹಾಗಾಯಿತು, ನಿಮ್ಮ ಕಾರು ಬೆಳಗ್ಗೆ ತುಂಬಿ ನಿಂತ ಹಾಗಾಯಿತು, ಊರಿನ ಚಾರ್ಜರ್ ಊರಿಗೆ ಉಳಿಯಿತು.

ನಿಮ್ಮ ಚಾಲಕರ ವಿಷಯ ಒಂದು ಮಾತು. ಕ್ಯಾಬ್‌ಗಳಲ್ಲಿ ಬರುವ ಎಷ್ಟೋ ಚಾಲಕರು ಚಾರ್ಜರ್ ಬಳಿಯೇ ಸೀಟು ಮಲಗಿಸಿ ನಿದ್ದೆ ಹೋಗಿರುತ್ತಾರೆ. ಗನ್ ತೆಗೆಯಿರಿ ಎಂದು ಗಾಜು ಬಡಿದು ಎಬ್ಬಿಸುವಾಗ ಕರುಳು ಚುರ್ ಎನ್ನುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿಸಿಕೊಂಡು ಬಂದವರು, ಇಂತಿಷ್ಟು ಟ್ರಿಪ್ ಮುಗಿಸಲೇಬೇಕೆಂಬ ಒತ್ತಡ ಹೊತ್ತವರು. ಅವರಿಗೆ ಮಲಗಲು ಜಾಗ ಕೊಡುವುದು ನಿಮ್ಮ ಕೆಲಸ. ನೀವು ಕೊಡದಿದ್ದುದರಿಂದ ಚಾರ್ಜರ್ ಮುಂದಿನ ಜಾಗ ಅವರ ಹಾಸಿಗೆಯಾಗಿದೆ. ಅವರಿಗೂ ನಮ್ಮೂರಿನವರಿಗೂ ಅಲ್ಲಿ ಜಗಳವಾದರೆ ಅದಕ್ಕೆ ಹೊಣೆ ಆ ಇಬ್ಬರೂ ಅಲ್ಲ, ನೀವು.

ನಿಮ್ಮ ಒಂದೊಂದು ಕಾರೂ ಎಲ್ಲಿದೆ, ಬ್ಯಾಟರಿ ಎಷ್ಟಿದೆ, ಚಾರ್ಜ್ ಆಗುತ್ತಿದೆಯೋ ಸುಮ್ಮನೆ ನಿಂತಿದೆಯೋ ಎಂಬುದು ಬೆಂಗಳೂರಿನ ನಿಮ್ಮ ಕಚೇರಿಯ ಪರದೆಯ ಮೇಲೆ ಕಾಣುತ್ತದೆ. ಶೇ 80 ಮುಟ್ಟಿದ ಕೂಡಲೇ ಗಿರಾಕಿಗೆ ಫೋನ್ ಹೋಗಲಿ. ಹತ್ತು ನಿಮಿಷದಲ್ಲಿ ಗನ್ ಕಳಚದಿದ್ದರೆ ದಂಡ ಬೀಳುತ್ತದೆಂದು ಬುಕಿಂಗ್ ಷರತ್ತಿನಲ್ಲೇ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಎರಡು ಗನ್ ಇರುವ ಕಡೆ ನಿಮ್ಮ ಒಂದು ಕಾರು ಆಗಲೇ ಇದ್ದರೆ ಎರಡನೆಯದನ್ನು ಅಲ್ಲಿಗೆ ಕಳಿಸಬೇಡಿ. ಹಗಲನ್ನು ಆದಷ್ಟೂ ಊರವರಿಗೆ ಬಿಟ್ಟು, ರಾತ್ರಿ ಹತ್ತರ ಮೇಲೆ ಎಷ್ಟು ಬೇಕಾದರೂ ತುಂಬಿಸಿಕೊಳ್ಳಿ. ಮುಂದಿನ ಗಾಜಿನ ಮೇಲೆ ಒಂದು ಫೋನ್ ನಂಬರ್ ಅಂಟಿಸಿ. ಫೋನ್ ಮಾಡಿದರೆ ಬುಕಿಂಗ್ ನಂಬರ್ ಕೇಳದೆ ಮಾತಾಡುವ ಮನುಷ್ಯರು ಆ ಕಡೆ ಇರಲಿ.

ಜೋಗದ ಸೀಸನ್‌ಗೆ ಮೊದಲು, ಮೇ ತಿಂಗಳ ಒಳಗೆ, ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವ ಊರಿನ ಯಾವ ಲಾಡ್ಜ್‌ನಿಂದ ಶುರು ಮಾಡುತ್ತೀರಿ ಎಂದು ಪತ್ರಿಕೆಯ ಮೂಲಕವೇ ಉತ್ತರಿಸಿ. ಲಾಡ್ಜ್‌ನವರ ಜೊತೆ ಮಾತಾಡಿಸಲು, ಜಾಗ ತೋರಿಸಲು, ಮೆಸ್ಕಾಂ ಕಚೇರಿಗೆ ಜೊತೆಗೆ ಬರಲು ನಮ್ಮಲ್ಲಿ ಕೆಲವರು ಸಿದ್ಧರಿದ್ದೇವೆ.

ಇಂತಿ,
ಶಿರಾಳಕೊಪ್ಪ ರಸ್ತೆಯ ಒಬ್ಬ ಎಲೆಕ್ಟ್ರಿಕ್ ಕಾರು ಮಾಲೀಕ